ವಿದ್ಯುಚ್ಛಕ್ತಿಯ ವಿಮಾನವೂ ಅದರ ಪರೀಕ್ಷೆಯೂ

(ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಶಾಸ್ತ್ರವಿಷಯಗಳ ಜೊತೆಯಲ್ಲಿ ಯಂತ್ರವಿದ್ಯೆಯದೂ ಒಂದು ವಿಷಯವಿರಲೆಂದು ಅಪ್ಪಣೆಯಾದುದರಿಂದ, ವಿದ್ಯುಚ್ಛಕ್ತಿಯಿಂದ ವಿಮಾನವನ್ನು ನಡೆಯಿಸುವ ಪ್ರಯತ್ನಗಳ ವಿಚಾರವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು. ಯಂತ್ರಶಿಲ್ಪದ ಕಾಲೇಜುಗಳಲ್ಲಿ ಓದುತ್ತಿರುವ ತರುಣರು ಈ ಸಭೆಯಲ್ಲಿ ಅನೇಕರಿರುವರು. ಅವರಿಗೆ ಇದರಲ್ಲಿ ಕೆಲವಂಶ ತಿಳಿದುದೇ ಆಗಿರಬಹುದು. ಹೊಲಗದ್ದೆಗಳಲ್ಲಿ ದುಡಿಯುವ ಹಿರಿಯರಿಗೂ ಗ್ರಾಹ್ಯವಾಗುವಂತೆ ಹೇಳಬೇಕೆಂಬುದು ನನ್ನ ಆಸೆ. ಹಾರದೆಯೇ ನಿಂತುಹೋದ ಒಂದು ವಿಮಾನದ ವೃತ್ತಾಂತವೇ ನನ್ನ ಉಪನ್ಯಾಸದ ಮುಖ್ಯ ಭಾಗ. ಅದಕ್ಕೆ ಬರುವ ಮುನ್ನ ಹಿಂದಿನ ಸಂಗತಿ ಸ್ವಲ್ಪ ಹೇಳಬೇಕು.

ವಿದ್ಯುತ್ತಿನಿಂದ ಆಕಾಶಯಾನವೆಂಬುದು ನಿನ್ನೆ ಮೊನ್ನೆಯ ಕಲ್ಪನೆಯೆಂದು ಬಹುಮಂದಿ ಭಾವಿಸಿರುವರು. ಸಂಗತಿ ಹಾಗಿಲ್ಲ. 1883ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಫ್ರಾನ್ಸ್ ದೇಶದ ಟಿಸಾಂಡಿಯೆ ಸಹೋದರರು ಒಂದೂವರೆ ಅಶ್ವಶಕ್ತಿಯ ಮೋಟಾರೊಂದನ್ನು ವಾಯುನೌಕೆಗೆ ಜೋಡಿಸಿ ಮೇಲಕ್ಕೇರಿದರು. ಮಾರನೆಯ ವರ್ಷ, 1884ರ ಆಗಸ್ಟ್ 9ರಂದು, ಅದೇ ದೇಶದ ಸೇನಾಧಿಕಾರಿಗಳಾದ ಶಾರ್ಲ್ ರೆನಾರ್, ಆರ್ಥರ್ ಕ್ರೆಬ್ಸ್ ಎಂಬಿಬ್ಬರು ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯಲ್ಲಿ ಎಂಟು ಕಿಲೋಮೀಟರು ದೂರವನ್ನು 23 ನಿಮಿಷಗಳಲ್ಲಿ ಸುತ್ತಿ, ಹೊರಟ ಸ್ಥಳಕ್ಕೇ ಬಂದಿಳಿದರು. ಗಾಳಿ ಒಯ್ದತ್ತ ಹೋಗದೆ, ಮನುಷ್ಯನು ತಾನು ಬಯಸಿದತ್ತ ಆಕಾಶದಲ್ಲಿ ತಿರುಗಿ ಮರಳಿ ಬಂದುದು ಅದೇ ಮೊದಲು. ನಮ್ಮ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಅದಕ್ಕೆ ಹದಿನೆಂಟು ವರ್ಷ ಮುಂಚೆಯೇ ಈ ಕೆಲಸ ನಡೆದಿತ್ತು.

ಆದರೆ ಆ ನೌಕೆಯ ಬ್ಯಾಟರಿಗಳು 400 ಕಿಲೋಗ್ರಾಮಿಗೂ ಮಿಗಿಲಾದ ತೂಕವಿದ್ದವು; ಅವುಗಳಿಂದ ದೊರೆತದ್ದೋ ಎಂಟು ಒಂಬತ್ತು ಅಶ್ವಶಕ್ತಿ ಮಾತ್ರ. 1903ರಲ್ಲಿ ಅಮೆರಿಕದ ರೈಟ್ ಸಹೋದರರು ಪೆಟ್ರೋಲು ಯಂತ್ರದಿಂದ ವಿಮಾನವನ್ನು ಹಾರಿಸಿದ ಮೇಲೆ ವಿದ್ಯುತ್ತಿನ ಮಾತು ಹಿಂದೆ ಸರಿಯಿತು. ಎಪ್ಪತ್ತು ವರ್ಷಗಳ ತರುವಾಯ, 1973ರಲ್ಲಿ, ಆಸ್ಟ್ರಿಯಾದಲ್ಲಿ ಬ್ಯಾಟರಿಯ ಬಲದಿಂದ ಮನುಷ್ಯನನ್ನು ಹೊತ್ತ ಸಣ್ಣದೊಂದು ವಿಮಾನ ಕೆಲವು ನಿಮಿಷ ಹಾರಿತು.

ಈ ವಿಳಂಬಕ್ಕೆ ಕಾರಣವೇನು? ಮೋಟಾರಿನಲ್ಲಿ ದೋಷವೇನೂ ಇಲ್ಲ. ಒಳ್ಳೆಯ ಮೋಟಾರು ತನಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ತಿರುಗುವ ಕೆಲಸಕ್ಕೆ ಒದಗಿಸುವುದು. ಎಣ್ಣೆಯ ಯಂತ್ರಗಳು ಮೂವತ್ತು ನಲವತ್ತು ಪಾಲನ್ನು ಒದಗಿಸಿದರೆ ಹೆಚ್ಚು. ಜರ್ಮನಿಯ ಸೀಮೆನ್ಸ್ ಸಂಸ್ಥೆಯವರು ಸಿದ್ಧಪಡಿಸಿದ ಮೋಟಾರೊಂದು 2016ರಲ್ಲಿ ವಿಮಾನವನ್ನು ಹಾರಿಸಿತು. ಅದರ ತೂಕ ಬರಿಯ 50 ಕಿಲೋಗ್ರಾಮು, ಎಂದರೆ ಒಂದು ಮೂಟೆ ಸಿಮೆಂಟಿನಷ್ಟು. ಅದರ ಶಕ್ತಿ 260 ಕಿಲೋವಾಟು, ಎಂದರೆ ಸುಮಾರು 350 ಕುದುರೆಗಳ ಬಲ. ನಮ್ಮ ಬಾವಿಗಳ ಮೇಲೆ ಕುಳಿತಿರುವ ಐದು ಕುದುರೆಬಲದ ಪಂಪಿನ ತೂಕವನ್ನು ಹೊತ್ತು ನೋಡಿದವರಿಗೆ ಇದರ ಹೆಚ್ಚಳ ತಾನಾಗಿಯೇ ತಿಳಿಯುವುದು.

ದೋಷವಿರುವುದು ಶಕ್ತಿಯನ್ನು ಹೊರುವ ಪಾತ್ರೆಯಲ್ಲಿ. ಒಂದು ಕಿಲೋಗ್ರಾಮು ವಿಮಾನದ ಎಣ್ಣೆಯಲ್ಲಿ ಸುಮಾರು 12 ಕಿಲೋವಾಟ್-ಗಂಟೆಗಳಷ್ಟು ಶಕ್ತಿ ಅಡಗಿರುವುದು. ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯಲ್ಲಿ, ಅದರ ಕವಚ ತಂತಿಗಳನ್ನೆಲ್ಲ ಸೇರಿಸಿದರೆ, ಒಂದು ಕಿಲೋವಾಟ್-ಗಂಟೆಯ ಐದನೆಯ ಒಂದು ಪಾಲು ಇದ್ದೀತು. ಮೋಟಾರಿನ ಮಿತವ್ಯಯವನ್ನು ಲೆಕ್ಕಕ್ಕೆ ಹಿಡಿದರೂ ಇಪ್ಪತ್ತು ಪಟ್ಟಿಗೂ ಮಿಕ್ಕ ಅಂತರ ಉಳಿದೇ ಉಳಿಯುವುದು. ಇದಲ್ಲದೆ ಇನ್ನೊಂದು ತೊಡಕುಂಟು. ಜಾತ್ರೆಗೆ ಗಾಡಿ ಕಟ್ಟಿ ಹೊರಟವನು ಎತ್ತುಗಳಿಗೆಂದು ಹೇರಿದ ಮೇವು ದಾರಿಯುದ್ದಕ್ಕೂ ಕರಗುತ್ತ ಬಂದು ಗಾಡಿ ಹಗುರವಾಗುವುದು. ಎಣ್ಣೆಯ ವಿಮಾನದ ರೀತಿಯೂ ಹೀಗೆಯೇ. ಬ್ಯಾಟರಿಯಾದರೋ ಬರಿದಾದರೂ ತುಂಬಿದ್ದಾಗಿನಷ್ಟೇ ಭಾರವಿರುವುದು. ಏರುವಾಗ ಹೊತ್ತ ಭಾರವನ್ನೇ ಇಳಿಯುವಾಗಲೂ ಹೊತ್ತು ಇಳಿಯಬೇಕು. ಆದಕಾರಣ ಗಾಲಿಗಳೂ ಅವುಗಳ ಕಾಲುಗಳೂ ಆ ಭಾರವನ್ನು ತಡೆಯುವಷ್ಟು ಗಟ್ಟಿಯಾಗಿರಬೇಕಾಗುವುದು.

ಇಷ್ಟೆಲ್ಲ ಕಷ್ಟವಿದ್ದರೆ ಈ ಹಟವೇತಕ್ಕೆ ಎಂದು ತಾವು ಕೇಳಬಹುದು. ಹೊಗೆಯಿಲ್ಲ, ಸದ್ದು ಕಡಿಮೆ, ಎಣ್ಣೆಯ ಖರ್ಚಿಲ್ಲ ಎಂಬುವು ಎಲ್ಲರೂ ಹೇಳುವ ಮಾತುಗಳು. ಯಂತ್ರಶಿಲ್ಪಿಗಳ ಮನಸ್ಸನ್ನು ಸೆಳೆದ ಕಾರಣ ಇನ್ನೊಂದು. ಎಣ್ಣೆಯ ಯಂತ್ರವನ್ನು ಚಿಕ್ಕದು ಮಾಡಿದಷ್ಟೂ ಅದರ ದಕ್ಷತೆ ಕುಂದುವುದು. ಮೋಟಾರು ಚಿಕ್ಕದಾದರೂ ಅಷ್ಟಾಗಿ ಕುಂದದು. ಆದ್ದರಿಂದ ಒಂದು ದೊಡ್ಡ ಯಂತ್ರದ ಬದಲು ಹತ್ತಾರು ಚಿಕ್ಕ ಮೋಟಾರುಗಳನ್ನು ರೆಕ್ಕೆಯ ಉದ್ದಕ್ಕೂ ಹರಡಬಹುದು. ಸಣ್ಣ ವಿಮಾನಗಳ ರೆಕ್ಕೆ ಅಗಲವಾಗಿರುವುದು ಮೆಲ್ಲಗೆ ಇಳಿಯುವುದಕ್ಕೋಸ್ಕರ. ಮೇಲೆ ವೇಗವಾಗಿ ಸಾಗುವಾಗ ಆ ಅಗಲವೇ ಹೊರೆ. ರೆಕ್ಕೆಯ ಮುಂದಂಚಿನಲ್ಲಿ ಚಿಕ್ಕ ಪ್ರೊಪೆಲರುಗಳ ಸಾಲನ್ನಿಟ್ಟು, ಇಳಿಯುವಾಗ ರೆಕ್ಕೆಯ ಮೇಲೆ ಗಾಳಿಯನ್ನು ರಭಸದಿಂದ ಊದಿದರೆ, ಕಿರಿದಾದ ರೆಕ್ಕೆಯೂ ಅಗಲವಾದುದರ ಕೆಲಸ ಮಾಡುವುದು.

ಈ ಯೋಚನೆಯನ್ನು ಪರೀಕ್ಷಿಸಲು ಅಮೆರಿಕದ ಆಕಾಶಸಂಶೋಧನ ಸಂಸ್ಥೆಯಾದ ನಾಸಾದವರು ಹಿಡಿದ ಮಾರ್ಗ ನನಗೆ ಬಹಳ ಮೆಚ್ಚುಗೆಯಾಯಿತು. ಅವರು ಒಮ್ಮೆಗೇ ವಿಮಾನ ಕಟ್ಟಲಿಲ್ಲ. ಸುಮಾರು ಒಂಬತ್ತೂವರೆ ಮೀಟರು ಉದ್ದದ ರೆಕ್ಕೆಯೊಂದನ್ನು ಮಾಡಿ, ಅದಕ್ಕೆ 18 ಚಿಕ್ಕ ಮೋಟಾರುಗಳನ್ನು ಜೋಡಿಸಿ, ಆ ರೆಕ್ಕೆಯನ್ನು ಒಂದು ಲಾರಿಯ ಮೇಲೆ ಎತ್ತರದಲ್ಲಿ ನಿಲ್ಲಿಸಿದರು. ಕ್ಯಾಲಿಫೋರ್ನಿಯಾ ಪ್ರಾಂತದ ಎಡ್ವರ್ಡ್ಸ್ ಎಂಬಲ್ಲಿ ನೀರು ಬತ್ತಿ ಕನ್ನಡಿಯಂತೆ ಚಪ್ಪಟೆಯಾದ ದೊಡ್ಡ ಕೆರೆಯಂಗಳವುಂಟು. 2015ರಲ್ಲಿ ಆ ಲಾರಿಯನ್ನು ಅಲ್ಲಿ ಗಂಟೆಗೆ 70 ಮೈಲಿಯವರೆಗಿನ ವೇಗದಲ್ಲಿ ಓಡಿಸಿ, ರೆಕ್ಕೆ ಎಷ್ಟು ಭಾರವನ್ನು ಎತ್ತಬಲ್ಲುದೆಂದು ಅಳೆದರು. ಹಾರುವ ರೆಕ್ಕೆಯನ್ನು ಲಾರಿಯ ಮೇಲಿಟ್ಟು ಓಡಿಸುವುದು ನೋಡುವವರಿಗೆ ನಗೆಯ ವಿಷಯ. ಆದರೆ ಅಲ್ಲಿ ಏನಾದರೂ ಮುರಿದರೆ ಲಾರಿ ನಿಲ್ಲುವುದು, ಅಷ್ಟೆ; ಯಾರ ಪ್ರಾಣಕ್ಕೂ ಅಪಾಯವಿಲ್ಲ.

ಇದಾದ ಮೇಲೆ 2016ರ ಜೂನ್ ತಿಂಗಳಿನಲ್ಲಿ ‘ಎಕ್ಸ್-57’ ಎಂಬ ವಿಮಾನದ ಯೋಜನೆಯನ್ನು ಪ್ರಕಟಿಸಿದರು. ವಿದ್ಯುದಯಸ್ಕಾಂತ ಶಾಸ್ತ್ರದ ಮಹಾಪುರುಷನಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನ ಹೆಸರನ್ನು ಅದಕ್ಕಿಟ್ಟರು. ಇಟಲಿಯ ಟೆಕ್ನಾಮ್ ಕಂಪನಿಯ, ಎರಡು ಪೆಟ್ರೋಲು ಯಂತ್ರಗಳುಳ್ಳ, ನಾಲ್ವರು ಕೂರುವ ಸಣ್ಣ ವಿಮಾನವನ್ನು ಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಮಾರ್ಪಡಿಸಬೇಕೆಂಬುದು ಸಂಕಲ್ಪ. ಮೊದಲು ಹಳೆಯ ರೆಕ್ಕೆಯಲ್ಲಿಯೇ ಪೆಟ್ರೋಲು ಯಂತ್ರಗಳನ್ನು ತೆಗೆದು ಎರಡು ಮೋಟಾರುಗಳನ್ನಿಡುವುದು. ಆಮೇಲೆ ಕಿರಿದಾದ ಹೊಸ ರೆಕ್ಕೆ. ಕಡೆಗೆ ರೆಕ್ಕೆಯ ತುದಿಗಳಲ್ಲಿ ಎರಡು ದೊಡ್ಡವು, ಮುಂದಂಚಿನಲ್ಲಿ ಹನ್ನೆರಡು ಚಿಕ್ಕವು, ಅಂತು 14 ಮೋಟಾರುಗಳು. ಗಂಟೆಗೆ 175 ಮೈಲಿ ವೇಗದಲ್ಲಿ ಸಾಗುವಾಗ ಬೇಕಾಗುವ ಶಕ್ತಿಯನ್ನು ಐದನೆಯ ಒಂದು ಪಾಲಿಗೆ ಇಳಿಸಬೇಕೆಂಬುದು ಅವರ ಗುರಿಯಾಗಿತ್ತು.

ಮೊದಲನೆಯ ತೊಡಕು ಬ್ಯಾಟರಿಯಿಂದ ಬಂದಿತು. ಸುಮಾರು 390 ಕಿಲೋಗ್ರಾಮು ತೂಕದ ಬ್ಯಾಟರಿಗಳನ್ನು ಪ್ರಯಾಣಿಕರು ಕೂರುವ ಜಾಗದಲ್ಲಿ ಇರಿಸಬೇಕಾಯಿತು. ವಿಮಾನದಲ್ಲಿ ಚಾಲಕನೊಬ್ಬನಿಗಲ್ಲದೆ ಸ್ಥಳ ಉಳಿಯಲಿಲ್ಲ. ಇಂಥ ಬ್ಯಾಟರಿಯೆಂದರೆ ಬೆರಳುದ್ದದ ಸಾವಿರಾರು ಕೋಶಗಳ ಕಟ್ಟು. ಯಾವುದೋ ಒಂದು ಕೋಶದೊಳಗೆ ತೊಡಕಾಗಿ ಕಾವು ಏರಿತೆಂದರೆ ಅದು ಹೊತ್ತಿಕೊಳ್ಳುವುದು. ಅದರ ಬಿಸಿ ನೆರೆಯದಕ್ಕೆ, ಅಲ್ಲಿಂದ ಅದರಾಚೆಯದಕ್ಕೆ ಹಾಯುವುದು. ಕಣದಲ್ಲಿ ಬಣವೆಗಳನ್ನು ಒತ್ತೊತ್ತಾಗಿ ಒಟ್ಟಿದರೆ ಒಂದಕ್ಕೆ ಬಿದ್ದ ಕಿಡಿ ಎಲ್ಲವನ್ನೂ ಸುಡುವಂತೆ ಇದು. ಭೂಮಿಯ ಮೇಲೆ ಬೆಂಕಿ ಬಿದ್ದರೆ ಓಡಿಹೋಗಬಹುದು, ಆಕಾಶದಲ್ಲಿ ಎಲ್ಲಿಗೆ ಓಡುವುದು? 2013ರ ಜನವರಿಯಲ್ಲಿ ಬೋಯಿಂಗ್ 787 ಎಂಬ ದೊಡ್ಡ ವಿಮಾನಗಳಲ್ಲಿ ಸಹಾಯಕ ಕಾರ್ಯಗಳಿಗೆಂದು ಇಟ್ಟಿದ್ದ ಲಿಥಿಯಂ ಬ್ಯಾಟರಿಗಳು ಹತ್ತು ದಿನಗಳ ಒಳಗೆ ಎರಡು ಕಡೆ ಕೆಟ್ಟು ಹೊಗೆಯಾಡಿದ್ದರಿಂದ, ಲೋಕದಲ್ಲಿದ್ದ ಆ ಜಾತಿಯ ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಬೇಕಾಗಿ ಬಂದಿತ್ತು.

ಆದುದರಿಂದ ನಾಸಾದವರು ಬೇಕೆಂತಲೇ ಒಂದು ಕೋಶವನ್ನು ಕೆಡಿಸಿ, ಬೆಂಕಿ ಹರಡುವುದೋ ಇಲ್ಲವೋ ಎಂದು ನೋಡಿದರು. ಹರಡಿತು! ಪರೀಕ್ಷೆಯಲ್ಲಿ ಸೋತ ಆ ಬ್ಯಾಟರಿಯ ರಚನೆಯನ್ನು ಕೈಬಿಟ್ಟು, ಒಂದರ ಬಿಸಿ ಇನ್ನೊಂದಕ್ಕೆ ಹಾಯದ ಹಾಗೆ ಹೊಸದಾಗಿ ರಚಿಸಿ, 2017ರ ಕೊನೆಯಲ್ಲಿ ಮತ್ತೆ ಅದೇ ಪರೀಕ್ಷೆಗೆ ಒಡ್ಡಿದರು. ಈ ಸಲ ಕೆಡಿಸಿದ ಕೋಶದ ಬೆಂಕಿ ಉಳಿದವುಗಳಿಗೆ ಹರಡಲಿಲ್ಲ. ಸುಮಾರು ಒಂದು ವರ್ಷ ಇದಕ್ಕೇ ಸಂದಿತು. ಇದನ್ನು ಕಾಲಹರಣವೆಂದು ಟೀಕಿಸಿದವರುಂಟು. ನನಗೆ ಹಾಗೆ ತೋರಲಿಲ್ಲ; ಇಡೀ ಯೋಜನೆಯಲ್ಲಿ ಅತ್ಯಂತ ಉಪಯುಕ್ತವಾದ ಒಂದು ವರ್ಷ ಅದೇ ಎಂದು ಹೇಳಬೇಕು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಬ್ಯಾಟರಿಯಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ಪ್ರವಾಹ. ಮೋಟಾರಿಗೆ ಬೇಕಾದುದು ಹಿಂದಕ್ಕೂ ಮುಂದಕ್ಕೂ ಬದಲಾಗುವ ಪ್ರವಾಹ. ಈ ಮಾರ್ಪಾಟನ್ನು ಮಾಡುವ ಯಂತ್ರಕ್ಕೆ ಇನ್ವರ್ಟರೆಂದು ಹೆಸರು. ಅದರೊಳಗಿನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ಪ್ರವಾಹವನ್ನು ಬಿಟ್ಟು ಹಿಡಿದು ಮಾಡುತ್ತಿರುವುವು. ಹೀಗೆ ಮಾಡುವಾಗ ಎದ್ದ ವಿದ್ಯುತ್ತಿನ ಗದ್ದಲವು ವಿಮಾನದ ಇತರ ಉಪಕರಣಗಳನ್ನು ಕಲಕುವುದು. ಪಕ್ಕದಲ್ಲಿ ಮೋಟಾರು ಹಾಕಿದರೆ ಮನೆಯ ರೇಡಿಯೋ ಗರಗರವೆನ್ನುವುದನ್ನು ತಾವು ಕೇಳಿಯೇ ಇರುವಿರಿ. ಆ ಗದ್ದಲವನ್ನು ಸೋಸುವ ಸಾಧನಗಳನ್ನು ಸೇರಿಸಬೇಕಾಯಿತು. ಅದರ ಮೇಲೆ, ಪೇಟೆಯಲ್ಲಿ ದೊರೆಯುತ್ತಿದ್ದ ಟ್ರಾನ್ಸಿಸ್ಟರುಗಳು ವಿಮಾನದ ನಡುಕವನ್ನೂ ಕಾವನ್ನೂ ತಡೆಯಲಾರದೆ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಒಡೆದುಹೋದವು. ಲೋಕವೆಲ್ಲ ಬ್ಯಾಟರಿಯ ಭಾರದ ಮಾತನ್ನೇ ಆಡುತ್ತಿರುವಾಗ, ಅಂಗೈಯಗಲದ ಈ ವಸ್ತು ವಿಮಾನವನ್ನು ನೆಲದ ಮೇಲೆ ಕಟ್ಟಿಹಾಕಿತು.

ಎತ್ತರಕ್ಕೆ ಹೋದಂತೆ ಬರುವ ತೊಂದರೆಯನ್ನೂ ಇಲ್ಲಿಯೇ ಹೇಳಿಬಿಡುವೆನು. ಮೇಲೆ ಗಾಳಿ ತೆಳುವಾಗುವುದು. ತೆಳುವಾದ ಗಾಳಿ ಯಂತ್ರವನ್ನು ಚೆನ್ನಾಗಿ ತಣಿಸದು. ಅಲ್ಲದೆ ತಂತಿಯಿಂದ ತಂತಿಗೆ ಕಿಡಿ ನೆಗೆಯುವುದನ್ನು ತಡೆಯುವ ಬಲವೂ ಅದಕ್ಕೆ ಕಡಿಮೆ. ಜರ್ಮನಿಯ ಪಾಶೆನ್ ಎಂಬ ವಿಜ್ಞಾನಿ 1889ರಲ್ಲಿಯೇ ಇದರ ನಿಯಮವನ್ನು ಕಂಡುಹಿಡಿದನು. ದೊಡ್ಡ ವಿಮಾನಕ್ಕೆ ಸಾವಿರಾರು ವೋಲ್ಟುಗಳ ಒತ್ತಡ ಬೇಕಾದುದರಿಂದ, ನೆಲದ ಮೇಲೆ ನಿಶ್ಚಿಂತೆಯಾಗಿ ನಡೆದ ಯಂತ್ರ ಮೇಲೆ ಕಿಡಿಕಾರಬಹುದು. ಇದನ್ನು ನೋಡುವುದಕ್ಕೆಂದೇ ಓಹಾಯೋ ಪ್ರಾಂತದಲ್ಲಿ ನಾಸಾದವರು ಒಂದು ಪರೀಕ್ಷಾಗಾರವನ್ನು ಇಟ್ಟಿರುವರು. ಅಲ್ಲಿ ಗಾಳಿಯನ್ನು ಹೀರಿ ತೆಗೆದು, 45,000 ಅಡಿ ಎತ್ತರದಲ್ಲಿ ಇರುವ ಸ್ಥಿತಿಯನ್ನು ಭೂಮಿಯ ಮೇಲೆಯೇ ಉಂಟುಮಾಡುವರು. ಆ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಸಮುದ್ರತೀರದಲ್ಲಿರುವುದರ ಏಳನೆಯ ಒಂದು ಪಾಲು ಮಾತ್ರ. ಜನರಲ್ ಎಲೆಕ್ಟ್ರಿಕ್ ಕಂಪನಿಯವರ ಒಂದು ಮೆಗಾವಾಟಿನ ವರ್ಗದ ಯಂತ್ರಸಮೂಹ ಆ ಸ್ಥಿತಿಯಲ್ಲಿ ನಡೆದು ತೇರ್ಗಡೆಯಾದ ಸುದ್ದಿ 2022ರಲ್ಲಿ ಪ್ರಕಟವಾಯಿತು.

ಎಕ್ಸ್-57ರ ವೃತ್ತಾಂತಕ್ಕೆ ಮರಳುವೆನು. 2019ರ ಅಕ್ಟೋಬರಿನಲ್ಲಿ ಆ ವಿಮಾನ ಎಡ್ವರ್ಡ್ಸಿನ ಪರೀಕ್ಷಾಕೇಂದ್ರವನ್ನು ಸೇರಿತು. ಹೊಸ ಇನ್ವರ್ಟರುಗಳು 2023ರ ಆರಂಭದಲ್ಲಿ ಕಾವಿನ ಪರೀಕ್ಷೆಯನ್ನು ಗೆದ್ದವು. ಇನ್ನೇನು ಹಾರುವುದೆಂದು ಎಲ್ಲರೂ ಕಾಯುತ್ತಿರಲಾಗಿ, ಅದೇ ವರ್ಷದ ಜೂನ್ ತಿಂಗಳಿನಲ್ಲಿ, ವಿಮಾನವನ್ನು ಹಾರಿಸುವುದಿಲ್ಲವೆಂದು ನಾಸಾ ಪ್ರಕಟಿಸಿತು. ವಿಮಾನವನ್ನು ನೂಕುವ ಯಂತ್ರಭಾಗದಲ್ಲಿ ಕೆಡಬಹುದಾದ ಇನ್ನೊಂದು ದೋಷ ಕಂಡುಬಂದಿದೆ. ಅದು ಚಾಲಕನ ಪ್ರಾಣಕ್ಕೂ, ನೆಲದ ಮೇಲೆ ಪರೀಕ್ಷೆ ನಡೆಸುವವರಿಗೂ ಒಪ್ಪಲಾಗದಷ್ಟು ಅಪಾಯಕರ. ಅದನ್ನು ಸರಿಪಡಿಸಲು ಯೋಜನೆಗೆ ಕೊಟ್ಟ ಕಾಲ ಸಾಲದು ಎಂಬುದು ಕಾರಣ. ಏಳು ವರ್ಷಗಳ ದುಡಿಮೆ. ಒಂದು ಅಡಿಯೂ ಮೇಲೇಳಲಿಲ್ಲ.

ಈ ನಿರ್ಣಯವನ್ನು ಹಾಸ್ಯಮಾಡಿದವರು ಕಡಿಮೆಯಿಲ್ಲ. ಸಾರ್ವಜನಿಕರ ಹಣ ನೀರುಪಾಲಾಯಿತೆಂದು ಬರೆದವರೂ ಉಂಟು. ಮಹಾಜನರೇ, ತೇರನ್ನೆಳೆಯುವ ದಿನ ಬೆಳಿಗ್ಗೆ ಬಡಗಿಯು ಅಚ್ಚನ್ನೂ ಗಾಲಿಗಳನ್ನೂ ತಟ್ಟಿ ನೋಡುವನಷ್ಟೆ. ಹತ್ತು ಸಾವಿರ ಜನ ಹಗ್ಗ ಹಿಡಿದು ನಿಂತಿರುವಾಗ, ‘ಬುದ್ಧೀ, ಅಚ್ಚಿನಲ್ಲಿ ಸೀಳು ಕಾಣುತ್ತದೆ, ಈ ದಿನ ತೇರು ಹೊರಡಕೂಡದು’ ಎಂದು ಸ್ವಾಮಿಗಳವರ ಎದುರಿಗೆ ಹೇಳುವುದಕ್ಕೆ ಎಂಥ ಎದೆಗಾರಿಕೆ ಬೇಕು! ಆ ಸೀಳು ತನ್ನ ಕಣ್ಣಿಗೆ ಮಾತ್ರ ಬಿದ್ದಿದೆ. ಸುಮ್ಮನಿದ್ದರೆ ಬಹುಶಃ ಆ ದಿನ ಏನೂ ಆಗದೆಯೂ ಇರಬಹುದು. ಎಡ್ವರ್ಡ್ಸಿನ ಯಂತ್ರಶಿಲ್ಪಿಗಳಿದ್ದ ಸ್ಥಿತಿಯೂ ಇಂಥದೇ. ಒಂದು ಸಲ, ಹತ್ತು ನಿಮಿಷ ಹಾರಿಸಿಬಿಟ್ಟಿದ್ದರೆ ಪತ್ರಿಕೆಗಳು ಕೊಂಡಾಡುತ್ತಿದ್ದವು. ಅವರು ಹಾರಿಸದಿದ್ದುದೇ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಒಂದೇ ವಿಮಾನದಲ್ಲಿ ಹೊಸ ಬ್ಯಾಟರಿ, ಹೊಸ ಮೋಟಾರು, ಹೊಸ ಇನ್ವರ್ಟರು, ಹೊಸ ರೆಕ್ಕೆ ಎಂದು ಇಷ್ಟು ಹೊಸತುಗಳನ್ನು ಹೇರಿದುದು ಅತಿಯಾಯಿತೆಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ತಮ್ಮ ಸೋಲುಗಳನ್ನು ಅವರು ಬಚ್ಚಿಡಲಿಲ್ಲ; ಯಾವುದು ಹೇಗೆ ಕೆಟ್ಟಿತು, ಹೇಗೆ ಸರಿಹೋಯಿತು ಎಂಬುದನ್ನು ಲೇಖನಗಳಾಗಿ ಪ್ರಕಟಿಸಿದುದರಿಂದ, ಇತರರು ಅದೇ ಹಳ್ಳಕ್ಕೆ ಬೀಳುವುದು ತಪ್ಪಿತು.

ಹಾರಿದವುಗಳ ಮಾತನ್ನು ಸಂಕ್ಷೇಪವಾಗಿ ಹೇಳುವೆನು. 2019ರ ಡಿಸೆಂಬರಿನಲ್ಲಿ ಕೆನಡಾದಲ್ಲಿ, ನೀರಿನ ಮೇಲೆ ಇಳಿಯುವ ಹಳೆಯ ಬೀವರ್ ವಿಮಾನಕ್ಕೆ 750 ಅಶ್ವಶಕ್ತಿಯ ಮೋಟಾರನ್ನಿಟ್ಟು ಹಾರಿಸಿದರು. 2021ರ ನವೆಂಬರಿನಲ್ಲಿ ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಸಂಸ್ಥೆಯವರ ವಿಮಾನವೊಂದು ಮೂರು ಕಿಲೋಮೀಟರು ದೂರವನ್ನು ಗಂಟೆಗೆ 555.9 ಕಿಲೋಮೀಟರು ವೇಗದಲ್ಲಿ ಸಾಗಿ ದಾಖಲೆ ಮಾಡಿತು. ಒಂಬತ್ತು ಜನರನ್ನು ಒಯ್ಯಲೆಂದು ರಚಿಸಿದ ‘ಆಲಿಸ್’ ಎಂಬ ವಿಮಾನ 2022ರ ಸೆಪ್ಟೆಂಬರಿನಲ್ಲಿ ಎಂಟು ನಿಮಿಷ ಹಾರಿ ಇಳಿಯಿತು. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಸ್ಲೊವೇನಿಯಾ ಎಂಬ ಪುಟ್ಟ ದೇಶದಲ್ಲಿ ಹುಟ್ಟಿದ, ಇಬ್ಬರು ಕೂರುವ ‘ವೇಲಿಸ್ ಎಲೆಕ್ಟ್ರೋ’. ಇದರ ಮೋಟಾರಿನ ಬಲ 57.6 ಕಿಲೋವಾಟು, ಹಾರುವ ಕಾಲ ಹೆಚ್ಚೆಂದರೆ 50 ನಿಮಿಷ. ಆದರೂ 2020ರ ಜೂನ್ 10ರಂದು ಯೂರೋಪಿನ ವಿಮಾನಸುರಕ್ಷತಾ ಅಧಿಕಾರಿಗಳು ಪರೀಕ್ಷಿಸಿ ಅಂಗೀಕಾರಪತ್ರ ಕೊಟ್ಟರು. ಪೂರ್ಣವಾಗಿ ವಿದ್ಯುತ್ತಿನಿಂದಲೇ ಹಾರುವ ವಿಮಾನಕ್ಕೆ ಅಂಥ ಪತ್ರ ದೊರೆತುದು ಲೋಕದಲ್ಲಿ ಅದೇ ಮೊದಲು. ಹಾರಾಟ ಕಲಿಯುವವರು ಅದರಲ್ಲಿ ಪಾಠ ಹೇಳಿಸಿಕೊಳ್ಳುತ್ತಿರುವರು.

ಸೂರ್ಯನ ಬೆಳಕಿನಿಂದಲೇ ಬ್ಯಾಟರಿ ತುಂಬಿಕೊಂಡು ಹಾರುವ ಮಾರ್ಗವೂ ಒಂದುಂಟು. ಸ್ವಿಟ್ಜರ್ಲೆಂಡಿನ ‘ಸೋಲಾರ್ ಇಂಪಲ್ಸ್ 2’ ಎಂಬ ವಿಮಾನ 2015ರ ಮಾರ್ಚಿನಲ್ಲಿ ಅಬುಧಾಬಿಯಿಂದ ಹೊರಟು, ನಮ್ಮ ಅಹಮದಾಬಾದಿನಲ್ಲಿಯೂ ಕಾಶಿಯಲ್ಲಿಯೂ ತಂಗಿ, 2016ರ ಜುಲೈಯಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿತು. ಜಪಾನಿನಿಂದ ಹವಾಯಿ ದ್ವೀಪಕ್ಕೆ ಆಂಡ್ರೆ ಬೋರ್ಷ್‌ಬರ್ಗ್ ಒಬ್ಬನೇ ಸುಮಾರು 118 ಗಂಟೆಗಳ ಕಾಲ, ಐದು ಹಗಲು ಐದು ರಾತ್ರಿ, ಇಳಿಯದೆ ಹಾರಿದನು. ಎತ್ತರದ ಚಳಿಗೆ ಹೆದರಿ ಬ್ಯಾಟರಿಗಳಿಗೆ ದಪ್ಪ ಹೊದಿಕೆ ಹೊದಿಸಿದ್ದರು. ಆ ಹೊದಿಕೆಯೊಳಗೆ ಕಾವು ಸಿಕ್ಕಿಕೊಂಡು ಬ್ಯಾಟರಿಗಳು ಕೆಟ್ಟವು. ಅವನ್ನು ಬದಲಾಯಿಸಿ ಮತ್ತೆ ಹೊರಡಲು ಒಂಬತ್ತು ತಿಂಗಳು ಹಿಡಿಯಿತು.

ನಮ್ಮ ನಾಡಿನಲ್ಲಿಯೂ ಈ ಕೆಲಸ ಆರಂಭವಾಗಿರುವುದು ಸಂತೋಷದ ವಿಷಯ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ವಿಮಾನಪರೀಕ್ಷೆಯ ಕ್ಷೇತ್ರವುಂಟು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು, ಎಂದರೆ ಎನ್.ಎ.ಎಲ್.ನವರು, ಚಾಲಕನಿಲ್ಲದೆ ಸೂರ್ಯಶಕ್ತಿಯಿಂದ ಹಾರುವ, ಸುಮಾರು 11 ಮೀಟರು ರೆಕ್ಕೆಯ ಮಾದರಿಯೊಂದನ್ನು 2024ರ ಫೆಬ್ರವರಿಯಲ್ಲಿ ಅಲ್ಲಿ ಎಂಟು ಗಂಟೆಗೂ ಮಿಕ್ಕ ಕಾಲ ಹಾರಿಸಿದರು. ಮುಂದೆ ಇದರ ದೊಡ್ಡ ರೂಪವನ್ನು ತಿಂಗಳುಗಟ್ಟಲೆ ಮೇಲೆ ನಿಲ್ಲಿಸಿ, ಉಪಗ್ರಹದಂತೆ ಬಳಸಬೇಕೆಂಬುದು ಅವರ ಉದ್ದೇಶ. ಅದೇ ಸಂಸ್ಥೆಯವರು ತಮ್ಮ ಹಂಸ ವಿಮಾನದ ಜಾಡಿನಲ್ಲಿ, ಇಬ್ಬರು ಕೂರುವ ‘ಇ-ಹಂಸ’ ಎಂಬ ವಿದ್ಯುತ್ತಿನ ತರಬೇತಿ ವಿಮಾನವನ್ನು ರಚಿಸುತ್ತಿರುವರೆಂದು 2025ರ ಮೇ ತಿಂಗಳಿನಲ್ಲಿ ಕೇಂದ್ರದ ವಿಜ್ಞಾನಸಚಿವರು ಪ್ರಕಟಿಸಿದರು. ಅವರು ತರಬೇತಿ ವಿಮಾನದಿಂದಲೇ ತೊಡಗಿರುವುದು ಸರಿಯಾದ ಕ್ರಮವೆಂದು ನನಗೆ ತೋರುತ್ತದೆ. ಕಲಿಯುವವನು ವಿಮಾನನಿಲ್ದಾಣದ ಸುತ್ತಲೇ ಸುತ್ತುವನು. ಅರ್ಧ ಮುಕ್ಕಾಲು ಗಂಟೆಗೆ ಇಳಿಯುವನು. ಇಳಿದಲ್ಲಿಯೇ ಬ್ಯಾಟರಿಯನ್ನು ತುಂಬಬಹುದು.

ಈ ವಿಷಯವನ್ನು ಎಲ್ಲಿ ಹೇಳಿದರೂ ಹಿರಿಯರು ಕೇಳುವ ಪ್ರಶ್ನೆಯೊಂದುಂಟು: ಬೆಂಗಳೂರಿನಿಂದ ದಿಲ್ಲಿಗೆ ಇಂಥ ವಿಮಾನದಲ್ಲಿ ಹೋಗುವುದು ಯಾವಾಗ? ಆ ದೂರ 1,700 ಕಿಲೋಮೀಟರು. ನೂರೈವತ್ತು ಜನರನ್ನು ಹೊತ್ತು ಅಷ್ಟು ದೂರ ಹೋಗಲು ಎಣ್ಣೆಯ ವಿಮಾನ ಐದಾರು ಟನ್ನು ಎಣ್ಣೆಯನ್ನು ಸುಡುವುದು. ಅದಕ್ಕೆ ಬದಲಾಗಿ ಈಗಿನ ಬ್ಯಾಟರಿಗಳನ್ನಿಟ್ಟರೆ ನೂರು ಟನ್ನು ಮೀರುವುದು. ಇಡೀ ವಿಮಾನವೇ ಜನರನ್ನೂ ಎಣ್ಣೆಯನ್ನೂ ಸೇರಿಸಿ ಎಂಬತ್ತು ಟನ್ನಿನ ಒಳಗಿರುವುದು. ಬ್ಯಾಟರಿಯ ಶಕ್ತಿ ಎರಡರಷ್ಟಾದರೂ ಈ ಲೆಕ್ಕ ಕೂಡದು. ಆದುದರಿಂದ ದೂರಪ್ರಯಾಣಕ್ಕೆ ಎಣ್ಣೆಯನ್ನೂ ವಿದ್ಯುತ್ತನ್ನೂ ಕೂಡಿಸಿದ ಯಂತ್ರಗಳನ್ನೋ, ಜಲಜನಕವನ್ನೋ ನೆಚ್ಚಬೇಕೆಂದು ತಜ್ಞರು ಹುಡುಕುತ್ತಿರುವರು. ಬ್ಯಾಟರಿ ಒಂದನ್ನೇ ನಂಬಿದರೆ, ತರಬೇತಿಯ ಹಾರಾಟಕ್ಕೂ, ನೂರಿನ್ನೂರು ಕಿಲೋಮೀಟರು ದೂರದ ಊರುಗಳಿಗೆ ನಾಲ್ಕಾರು ಜನರನ್ನು ಒಯ್ಯುವುದಕ್ಕೂ ಅದು ಒದಗೀತು.